ಚರಟ ಕೆದಕುವ ಜಿನ್‌ಮೇ

ಜಿನ್‌ಮೇ ಅಕ್ಕನ ಬಗ್ಗೆ ಯಾರಾದರೂ ಬರೆಯುವುದಿದ್ದರೆ ಅದು ನಾನೇ ಆಗಬೇಕು. ಹದಿನೆಂಟು ವರ್ಷ ಅವಳಿಂದ ಬೈಸಿಕೊಂಡವನು ನಮ್ಮ ಹಗ್ಗದ ಗಲ್ಲಿಯಲ್ಲಿ ಇನ್ನೊಬ್ಬನಿಲ್ಲ. ಗಲ್ಲಿ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ, ಕರೆಂಟು ಕಂಬದ ಪಕ್ಕ, ನನ್ನ ಸೈಕಲ್ ರಿಪೇರಿ ಅಂಗಡಿ. ಯಾರ ಮನೆಯಲ್ಲಿ ಕಷಾಯ ಕುದಿಸಿ ಕುಡಿದರೂ ಚರಟ ತಂದು ಸುರಿಯುವುದು ಆ ಕಂಬದ ಬುಡಕ್ಕೇ. ಮನೆಯ ಕಸದ ಬುಟ್ಟಿಗೆ ಹಾಕುವಂತಿಲ್ಲ. ಹತ್ತು ಜನ ಅದನ್ನು ತುಳಿಯಬೇಕು, ತುಳಿದವರ ಕಾಲಿಗೆ ಅಂಟಿಕೊಂಡು ರೋಗ ಊರಾಚೆ ಹೋಗಬೇಕು. ರೋಗ ಹೋಗುತ್ತಿತ್ತೋ ಇಲ್ಲವೋ, ಗಲೀಜು ಮಾತ್ರ ನನ್ನ ಪಾಲಿಗೆ ಬರುತ್ತಿತ್ತು.

ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಜಿನ್‌ಮೇ ಬರುವಳು. ಹತ್ತಿ ತುಂಬಿದ ನೀಲಿ ಕೋಟು, ಕೈಯಲ್ಲೊಂದು ಬಿದಿರು ಕಡ್ಡಿ. ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಚರಟ ಕೆದಕುವಳು. ಒಂದೊಂದೇ ಚೂರು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ಬೇಕೆನಿಸಿದರೆ ನಾಲಿಗೆ ತುದಿಗೆ ತಾಗಿಸಿ ಉಗಿಯುವಳು. ನೋಡಲಾಗದೆ ನಾನು ಮುಖ ತಿರುಗಿಸುತ್ತಿದ್ದೆ. ಅವಳಿಗೆ ಏನೂ ಆಗುತ್ತಿರಲಿಲ್ಲ.

"ಇದು ಮೂಲೆ ಮನೆ ಮುದುಕನ ದಮ್ಮಿಂದು. ಇದು ಬಡಗಿ ಹೊಸ ಸೊಸೇದು, ಮೂರು ತಿಂಗಳಾಗಿದೆ, ಅತ್ತೆಗಿನ್ನೂ ಹೇಳಿಲ್ಲ. ಇಲ್ನೋಡು ದ್ವಾನ್, ಈ ಕಿತ್ತಳೆ ಸಿಪ್ಪೆ! ಹಳೇದಾದಷ್ಟೂ ಬೆಲೆ ಜಾಸ್ತಿ ಅಂತ, ಮೂರು ವರ್ಷ ಹಳೇದು ಅಂತ ಮಾರಿರ್ತಾನೆ ಅಂಗಡಿಯೋನು. ಮೂರು ತಿಂಗಳೂ ಆಗಿಲ್ಲ."

"ಅಕ್ಕಾ, ಊರೋರ ಗುಟ್ಟು ನನಗ್ಯಾಕೆ? ನಂಗೆ ಪಂಕ್ಚರ್ ಹಾಕೋದಿದೆ."

"ನಿನ್ನ ಪಂಕ್ಚರೂ ಮೋಸಾನೇ. ಹೋದ ವಾರ ಹಾಕಿದ್ದು ಮೊನ್ನೆ ಬಿಟ್ಕೊಂಡಿತ್ತು."

ಹೀಗಿತ್ತು ಅವಳ ಬಾಯಿ. ಆದರೆ ಅವಳ ಅನುಮಾನ ಸುಮ್ಮನೆ ಬಂದದ್ದಲ್ಲ ಎಂದೂ ಹೇಳಬೇಕು. ಅವಳು ಚಿಕ್ಕವಳಿದ್ದಾಗ ತಂಗಿಗೆ ನೂರು ದಿನದ ಕೆಮ್ಮು ಬಂದಿತ್ತಂತೆ. ಅಪ್ಪ ಮನೆಯಲ್ಲಿದ್ದ ಒಂದೇ ಹಂದಿ ಮಾರಿ ಬೇಯ್‌ಮು ಪುಡಿ ತಂದ. ಬೇಯ್‌ಮು ಎಂದರೆ ಕೆಮ್ಮಿನ ಗೆಡ್ಡೆ, ಬೆಳ್ಳಗೆ, ಹಾಲುಹಲ್ಲಿನಷ್ಟೇ ಇರುತ್ತದೆ. ಅಪ್ಪ ತಂದ ಪುಡಿ ಬರೀ ಗೋಧಿ ಹಿಟ್ಟು. ಹುಡುಗಿ ಉಳಿಯಲಿಲ್ಲ. ಜಿನ್‌ಮೇ ದೊಡ್ಡವಳಾದ ಮೇಲೆ ಹಟ ಹಿಡಿದು ಸರ್ಕಾರಿ ಮೂಲಿಕೆ ಉಗ್ರಾಣಕ್ಕೇ ಸೇರಿದಳು. ಮೂವತ್ತೊಂದು ವರ್ಷ ಮೂಲಿಕೆ ಆರಿಸಿದಳು. ಗಂಧಕದ ಹೊಗೆ ಹಾಕಿ ಬಿಳಿ ಮಾಡಿದ ಗೆಡ್ಡೆ, ಗಂಟಲು ಕೆರೆಯುವ ರೋಮ ಉಜ್ಜದೆ ಹಾಗೇ ಕಟ್ಟಿದ ಲೋಕ್ವಾಟ್ ಮರದ ಎಲೆ, ಜೇನು ಎಂದು ಸಕ್ಕರೆ ಪಾಕದಲ್ಲಿ ಹುರಿದ ಮೊಗ್ಗು, ಎಲ್ಲವನ್ನೂ ಕಣ್ಣು ಮುಚ್ಚಿ ಹಿಡಿಯುತ್ತಿದ್ದಳು. ನಮ್ಮದು ಮೂಲಿಕೆ ಪೇಟೆಯ ಊರು. ಇಲ್ಲಿನ ಒಂದೊಂದು ಅಂಗಡಿಯವನೂ ಅವಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

ಒಬ್ಬನನ್ನು ಬಿಟ್ಟು. ಅವನೇ ಮೆಂಗ್ ವೆನ್‌ಶಾನ್, ಗಲ್ಲಿಯ ತುದಿಯಲ್ಲಿ ಹೊಸದಾಗಿ ಮೂಲಿಕೆ ಅಂಗಡಿ ಹಾಕಿದವನು. ದಕ್ಷಿಣದ ಕಡೆಯವನು. ಬಂದು ಎರಡು ವರ್ಷವೂ ಆಗಿರಲಿಲ್ಲ. ಯಾರು ಬಂದರೂ ಮುಖ ತುಂಬ ನಗುತ್ತಿದ್ದ.

"ಕಾಯಿಲೆಯೋರ್ನ ನೋಡಿ ನಗೋನು ಎಂಥ ಮನುಷ್ಯ?" ಎನ್ನುತ್ತಿದ್ದಳು ಜಿನ್‌ಮೇ. ನನಗೂ ಹೌದೆನ್ನಿಸಿತ್ತು. ಅಷ್ಟು ನಗುವವನ ಒಳಗೆ ಏನೋ ಇರಲೇಬೇಕು ಎಂದು ನಾನೂ ನಂಬಿದ್ದೆ. ಆದರೂ ಹತ್ತಿರವಿದೆ ಎಂದು ಅಲ್ಲಿಗೇ ಹೋಗುತ್ತಿದ್ದೆವು.

ಆ ಚಳಿಗಾಲ ಊರಿಗೆ ಊರೇ ಕೆಮ್ಮುತ್ತಿತ್ತು. ಕಲ್ಲಿದ್ದಲ ಹೊಗೆ ಮನೆಯ ಸೂರಿಗಿಂತ ಮೇಲೆ ಏಳುತ್ತಲೇ ಇರಲಿಲ್ಲ. ನನ್ನ ಹೆಂಡತಿ ಯಾಫೆನ್‌ಗೆ ಎರಡು ವಾರದಿಂದ ಬಿಡದ ಕೆಮ್ಮು. ವೈದ್ಯರ ಚೀಟಿ ಹಿಡಿದು ಮೆಂಗ್‌ನ ಅಂಗಡಿಯಲ್ಲಿ ಐದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಬೇಯ್‌ಮು, ಕಹಿ ಬೀಜ, ಕಿತ್ತಳೆ ಸಿಪ್ಪೆ, ಲೋಕ್ವಾಟ್ ಎಲೆ, ಅತಿಮಧುರ. ಎರಡು ಪೊಟ್ಟಣ ಮುಗಿಯುವಷ್ಟರಲ್ಲಿ ಕೆಮ್ಮು ಸ್ವಲ್ಪ ಸಡಿಲಾಗಿತ್ತು. ಮೂರನೆಯದನ್ನು ಕುದಿಸಿ, ಅವಳಿಗೆ ಕುಡಿಸಿ, ಬೆಳಿಗ್ಗೆ ಅಂಗಡಿ ತೆಗೆಯಲು ಬರುವಾಗ ಚರಟವನ್ನು ಕಂಬದ ಬುಡಕ್ಕೆ ಸುರಿದೆ.

ಸ್ವಲ್ಪ ಹೊತ್ತಿಗೇ ಜಿನ್‌ಮೇ ಬಂದಳು. ಕೂತಳು. ಕೆದಕಿದಳು. ಏನೋ ಎತ್ತಿ ಎರಡೆರಡು ಸಲ ಮೂಸಿದಳು.

"ದ್ವಾನ್, ಬಾರೋ ಇಲ್ಲಿ."

"ಗಾಳಿ ಹಾಕ್ತಿದೀನಿ ಅಕ್ಕ."

"ಗಾಳಿ ಆಮೇಲೆ ಹಾಕೋವಂತೆ. ಈ ಚರಟ ಯಾರದು?"

"ನಂದೇ. ಈಗ ತಾನೇ ಸುರಿದೆ. ಹಬೆ ಆಡ್ತಿದೆಯಲ್ಲ, ಕಾಣಲ್ವಾ?"

"ಯಾಫೆನ್ ಕುಡಿದದ್ದಾ?"

"ಅವಳಲ್ದೆ ಇನ್ಯಾರು? ನಾನು ಗುಂಡುಕಲ್ಲಿನ ಹಾಗಿದೀನಿ."

ಅವಳು ಅಂಗೈ ಚಾಚಿದಳು. ಅಂಗೈಯಲ್ಲಿ ಎರಡು ಚೂರು. ಒಂದು ಬಿಳಿ, ಕತ್ತರಿಸಿದ ಉಗುರಿನಂತೆ ಬಾಗಿದ್ದು. ಅದು ನನಗೂ ಗೊತ್ತು, ಬೇಯ್‌ಮು. ಇನ್ನೊಂದು ಕಪ್ಪು ಬಿಲ್ಲೆ. ಅದನ್ನು ನಾನು ಕಂಡೇ ಇರಲಿಲ್ಲ.

"ವತ್ಸನಾಭಿ," ಎಂದಳು.

ಅದು ಕೊಲ್ಲುವ ಬೇರು, ಗಂಟೆಗಟ್ಟಲೆ ಕುದಿಸಿದರೆ ಮಾತ್ರ ಮದ್ದು. ಈ ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಮೂಲಿಕೆಗಳಲ್ಲಿ ಹದಿನೆಂಟು ಹಗೆಗಳಿವೆ, ಅವು ಒಂದೇ ಮಡಕೆಯಲ್ಲಿ ಬೇಯಬಾರದು, ಒಂದೇ ಹೊಟ್ಟೆಯಲ್ಲಿ ಕೂಡಬಾರದು. ಅವುಗಳಲ್ಲಿ ಬೇಯ್‌ಮುಗೂ ವತ್ಸನಾಭಿಗೂ ಇರುವುದು ದೊಡ್ಡ ಹಗೆ.

"ಆ ನಗೋ ಬಡ್ಡೀಮಗ ನಿನ್ನ ಹೆಂಡ್ತಿಗೆ ವಿಷ ಹಾಕ್ತಿದಾನೆ ಕಣೋ," ಎಂದಳು.

ಕೈಯಲ್ಲಿದ್ದ ಪಂಪು ಅಲ್ಲೇ ಎಸೆದೆ. ನನ್ನ ಸಿಟ್ಟು ಗೊತ್ತಿರುವವರು ದಾರಿ ಬಿಟ್ಟು ನಿಂತರು. ಮನೆಗೆ ಓಡಿ ಉಳಿದ ಎರಡು ಪೊಟ್ಟಣ ಎತ್ತಿಕೊಂಡು, ಜಿನ್‌ಮೇ ಹಿಂದೆಯೇ ಮೆಂಗ್‌ನ ಅಂಗಡಿಗೆ ನುಗ್ಗಿದೆ. ಅಲ್ಲಿ ಆರೇಳು ಜನ ಔಷಧಿಗೆ ಕಾಯುತ್ತಿದ್ದರು. ಮೆಂಗ್ ನಕ್ಕ.

"ಬನ್ನಿ ಅಕ್ಕ, ಬನ್ನಿ ದ್ವಾನ್ ಅಣ್ಣ. ಯಾಫೆನ್ ಅತ್ತಿಗೆ ಹೇಗಿದಾರೆ?"

"ನೀನು ಕಳಿಸೋಕೆ ನೋಡಿದ ಕಡೆಗಿನ್ನೂ ಹೋಗಿಲ್ಲ," ಎಂದೆ.

ಜಿನ್‌ಮೇ ಕಪ್ಪು ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅವನ ನಗು ನಿಂತುಹೋಯಿತು. ಅವನು ಪೊಟ್ಟಣ ಬಿಚ್ಚಿದ. ಒಳಗೆ ಒಂದೊಂದು ಮೂಲಿಕೆಗೂ ಒಂದೊಂದು ಕಾಗದ, ಎಲ್ಲರೂ ಕಟ್ಟುವ ಕ್ರಮದಲ್ಲೇ ಇತ್ತು. ಜಿನ್‌ಮೇ ಎಲ್ಲವನ್ನೂ ಕೆದಕಿ, ಕಚ್ಚಿ ನೋಡಿದಳು. ಎರಡು ಪೊಟ್ಟಣದಲ್ಲೂ ವತ್ಸನಾಭಿ ಇರಲಿಲ್ಲ.

"ಮೂರನೇದರಲ್ಲಿ ಹಾಕಿದೀಯ," ಎಂದಳು. "ಕೈ ತಪ್ಪಿ ಹಾಕಿದೆಯೋ, ಬೇಕಂತ ಹಾಕಿದೆಯೋ ನಿಂಗೇ ಗೊತ್ತು. ವತ್ಸನಾಭಿ ಡ್ರಾಯರ್ ಎಳಿ."

ಎಳೆದ. ಡ್ರಾಯರ್ ತಳ ಕಾಣುತ್ತಿತ್ತು.

"ಹೋದ ತಿಂಗಳು ನಾನು ನೋಡಿದಾಗ ತುಂಬಿತ್ತು. ಈ ಗಲ್ಲೀಲಿ ವತ್ಸನಾಭಿ ಕುಡಿಯೋರು ಒಬ್ಬರೂ ಇಲ್ಲ. ನನಗೆ ಗೊತ್ತಿಲ್ದೆ ಇಲ್ಲಿ ಯಾರೂ ಕೆಮ್ಮೋದೂ ಇಲ್ಲ. ಯಾರಿಗೆ ಕೊಟ್ಟೆ?"

"ಕೊಟ್ಟಿದೀನಿ ಅಕ್ಕ. ವೈದ್ಯರ ಚೀಟಿ ನೋಡಿಯೇ ಕೊಟ್ಟಿದೀನಿ."

"ಚೀಟಿ ತೋರ್ಸು."

"ಚೀಟಿ ಅವರೇ ವಾಪಸ್ ಇಸ್ಕೊಂಡು ಹೋದ್ರು."

"ಯಾರವರು?"

ಅವನು ಅವಳ ಮುಖ ನೋಡಿದ. "ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ," ಎಂದ. ಅದನ್ನು ಕೇಳಿ ಕಾಯುತ್ತಿದ್ದವರಲ್ಲಿ ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ಕಳ್ಳ ಸಿಕ್ಕಿಬಿದ್ದ ಎಂದೇ ನಾನೂ ಅಂದುಕೊಂಡೆ. ಅವನ ಕಣ್ಣಲ್ಲಿದ್ದದ್ದು ಮರುಕ ಎಂದು ತಿಳಿಯುವಷ್ಟು ಬುದ್ಧಿ ನನಗೆ ಅವತ್ತು ಇರಲಿಲ್ಲ.

ಅಂದೇ ಜಿನ್‌ಮೇ ಔಷಧ ತಪಾಸಣೆ ಕಚೇರಿಗೆ ದೂರು ಬರೆದಳು. ಸಾಕ್ಷಿ ಎಂದು ನಾನು ಸಹಿ ಹಾಕಿ ಹೆಬ್ಬೆಟ್ಟೊತ್ತಿದೆ. ಮಾರನೆಯ ದಿನ ಇಬ್ಬರು ಬಂದು ಮೆಂಗ್‌ನ ಬಾಗಿಲಿಗೆ ಬಿಳಿ ಕಾಗದದ ಸೀಲು ಅಂಟಿಸಿದರು. ಔಷಧಿ ಒಯ್ದವನ ಹೆಸರು ಹತ್ತು ದಿನದಲ್ಲಿ ಹೇಳದಿದ್ದರೆ ಅಂಗಡಿಯ ಪರವಾನಗಿ ರದ್ದು ಎಂದರು. ಅವನು ಮುಚ್ಚಿದ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತ. ಯಾರೂ ಮಾತಾಡಿಸಲಿಲ್ಲ. ನಾನು ಹಾದುಹೋಗುವಾಗ ಬೇಕೆಂದೇ ಉಗಿದೆ.

ಮನೆಯಲ್ಲಿ ಯಾಫೆನ್ ನನ್ನನ್ನು ಸುಮ್ಮನೆ ಬಿಡಲಿಲ್ಲ. ಔಷಧಿ ನಿಲ್ಲಿಸಿದ ಮೂರೇ ದಿನಕ್ಕೆ ಅವಳ ಕೆಮ್ಮು ಮತ್ತೆ ಏರಿತ್ತು.

"ವಿಷ ಕುಡಿದಿದ್ರೆ ನಾನಿಷ್ಟೊತ್ತಿಗೆ ಸತ್ತಿರ್ಬೇಕಿತ್ತಲ್ಲ? ಕಡಿಮೆ ಆಗ್ತಿತ್ತು ಕಣ್ರೀ ನಂಗೆ! ನಿಮ್ಮಿಬ್ಬರ ಅನುಮಾನ ಬಂದು ನನ್ನ ಗಂಟಲಲ್ಲಿ ಕೂತ್ಕೊಂಡಿದೆ."

"ನೀನು ಸುಮ್ನಿರು. ನಿಂಗೇನ್ ಗೊತ್ತು?" ಎಂದೆ. ನನಗೂ ಏನೂ ಗೊತ್ತಿರಲಿಲ್ಲ.

ಸೀಲು ಬಿದ್ದ ಆರನೆಯ ದಿನ. ಹಾಲಿನವನ ಸೈಕಲ್ ಬೇಗ ಕೊಡಬೇಕಿತ್ತು, ಬೆಳಕು ಹರಿಯುವ ಹೊತ್ತಿಗೇ ಅಂಗಡಿಗೆ ಬಂದೆ. ಕಂಬದ ಬುಡದಲ್ಲಿ ಒಬ್ಬರು ಬಗ್ಗಿದ್ದರು. ಟವೆಲ್ ಸುತ್ತಿದ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ತಟ್ಟುತ್ತಿದ್ದರು. ಮುಖ ಎತ್ತಿದಾಗ ನೋಡಿದರೆ, ಬಾವ್‌ತ್ಯೆನ್ ಅಣ್ಣ. ಜಿನ್‌ಮೇ ಅಕ್ಕನ ಗಂಡ! ಸಾರ್ವಜನಿಕ ಸ್ನಾನಗೃಹದಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸ ಅವರದು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಬಗ್ಗಿ ನೋಡಿದೆ. ಕಪ್ಪು ಬಿಲ್ಲೆಗಳು. ಕುದ್ದು ಕುದ್ದು ಬಣ್ಣ ಹೋಗಿದ್ದವು.

"ಬಾವ್‌ತ್ಯೆನ್ ಅಣ್ಣ, ಇದು..."

"ಸದ್ದು ಮಾಡ್ಬೇಡ ಮಾರಾಯ," ಎಂದರು. ನನ್ನ ಸ್ಟೂಲ್ ಎಳೆದುಕೊಂಡು ಕೂತರು. ನಾಲ್ಕು ಹೆಜ್ಜೆಗೇ ಏದುಸಿರು. "ಅಂಗಡಿ ಮುಚ್ಚಿದೆಯಲ್ಲ, ಇದ್ದದ್ದನ್ನೇ ನಾಲ್ಕನೇ ಸಲ ಕುದಿಸಿದ್ದು. ಬರೀ ನೀರಾಯ್ತು. ಇನ್ನು ಇದನ್ನಿಟ್ಕೊಂಡು ಏನ್ಮಾಡ್ಲಿ?"

ಪ್ಯಾಂಟು ಮೇಲೆತ್ತಿ ಮೊಣಕಾಲ ಕೆಳಗೆ ಬೆರಳಿಂದ ಒತ್ತಿ ತೋರಿಸಿದರು. ಒತ್ತಿದ ಗುಳಿ ಹಾಗೇ ಉಳಿಯಿತು. ಹೃದಯದ ಕಾಯಿಲೆ, ಅದಕ್ಕೆ ವತ್ಸನಾಭಿಯೇ ಮದ್ದು. ತಮ್ಮನನ್ನು ನೋಡಲು ಹೋಗುತ್ತೇನೆ ಎಂದು ಹೇಳಿ ಬಸ್ಸು ಹತ್ತಿ ಪಕ್ಕದೂರಿನ ವೈದ್ಯರಿಗೆ ತೋರಿಸಿದ್ದರಂತೆ. ಚೀಟಿಯನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು, ಬಾಯ್ಲರ್ ಪಕ್ಕದ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಕುಡಿಯುತ್ತಿದ್ದರಂತೆ.

"ಇಲ್ಲಿ ಯಾಕೆ ಸುರಿದ್ರಿ? ಬಾಯ್ಲರ್ ಬೂದಿಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮೂರು ವಾರ ಬೂದಿಗೇ ಹಾಕಿದೆ. ಬಾವು ಇಳೀಲಿಲ್ಲ. ಯಾರೂ ತುಳೀದೆ ರೋಗ ಹೇಗೆ ಹೋಗುತ್ತೆ ಅನ್ನಿಸ್ತು. ಅದಕ್ಕೇ ಇಲ್ಲಿಗೆ ತಂದು ಸುರಿದೆ. ನೀನು ಬಂದು ನಿಂದೂ ಅದರ ಮೇಲೇ ಸುರಿದೆ. ಗ್ರಹಚಾರ."

ಎರಡು ಮನೆಯ ಚರಟ. ನಾನು 'ನಂದೇ' ಎಂದುಬಿಟ್ಟಿದ್ದೆ.

"ಜಿನ್‌ಮೇ ಅಕ್ಕನಿಗೆ ಹೇಳೋಕೇನಾಗಿತ್ತು?"

ಅವರು ನಕ್ಕರು. ಬರೀ ಹಲ್ಲು ಕಾಣಿಸಿತು.

"ಹೇಳಿದ್ರೆ ಕುಡಿಯೋಕೆ ಬಿಡ್ತಾಳಾ? ಈ ಊರಲ್ಲಿ ಅವಳಿಗೆ ಗೊತ್ತಿಲ್ಲದ ಅಂಗಡಿ ಯಾವುದಿದೆ ಹೇಳು. ಮೆಂಗ್ ಒಬ್ಬ ಹೊಸಬ. ಅವನ ಕೈ ಹಿಡಿದು ಬೇಡ್ಕೊಂಡೆ. ಪಾಪ, ಮಾತು ಉಳಿಸ್ಕೊಂಡ." ಆಮೇಲೆ ಕೆಮ್ಮಿದರು. ಎದೆಯೊಳಗೆ ನೀರು ಗುಳುಗುಳು ಎನ್ನುವ ಕೆಮ್ಮು. "ಇದು ಬಾಯ್ಲರ್ ಹೊಗೆಗೆ ಬಂದ ಕೆಮ್ಮು ಅಂದ್ಕೊಂಡಿದಾಳೆ. ದಿನಾ ಸಂಜೆ ಮರಸೇಬಿನ ಹೊಟ್ಟೆ ಕೊರೆದು, ಕಲ್ಲುಸಕ್ಕರೆ ತುಂಬಿ ಬೇಯಿಸಿ ಕೊಡ್ತಾಳೆ. ತಿಂದು ಮುಗಿಸೋ ತನಕ ಎದುರಿಗೇ ಕೂತಿರ್ತಾಳೆ."

"ಕಲ್ಲುಸಕ್ಕರೆ ಮಾತ್ರಾನಾ?"

ಅವರು ಮಡಕೆಗೆ ಟವೆಲ್ ಸುತ್ತುತ್ತ ಹೇಳಿದರು: "ಬೇಯ್‌ಮು ಪುಡೀನೂ. ತಾನೇ ಆರಿಸಿ, ತಾನೇ ಕುಟ್ಟಿದ್ದು. ಅಪ್ಪಟ."

ಮೆಂಗ್ ಮಾಡಿದ ಎಂದು ನಾವು ಊರಿಗೆಲ್ಲ ಸಾರಿದ್ದನ್ನು ಜಿನ್‌ಮೇ ದಿನಾ ಸಂಜೆ ತನ್ನ ಕೈಯಾರೆ ಮಾಡುತ್ತಿದ್ದಳು. ಅಣ್ಣ ಯಾರಿಗೂ ಹೇಳಬೇಡ ಎಂದು ಕೈ ಮುಗಿದರು. ನಾನು ಆಯ್ತು ಎಂದೆ. ಆದರೆ ಮಧ್ಯಾಹ್ನದವರೆಗೂ ಒಂದು ನಟ್ಟು ನೆಟ್ಟಗೆ ಕೂರಿಸಲಾಗಲಿಲ್ಲ. ಗಲ್ಲಿಯ ತುದಿಯಲ್ಲಿ ಮೆಂಗ್ ಮಣೆಯ ಮೇಲೆ ಕೂತಿರುವುದು ಕಾಣುತ್ತಿತ್ತು. ಅವನು ಬಾಯಿ ಬಿಡದಿದ್ದರೆ ಅಂಗಡಿ ಹೋಗುತ್ತದೆ. ಅಂಗಡಿ ಮುಚ್ಚಿಯೇ ಇದ್ದರೆ ಬಾವ್‌ತ್ಯೆನ್ ಅಣ್ಣ ಹೋಗುತ್ತಾರೆ. ಪಾನಾ ಬಿಸಾಕಿ ಜಿನ್‌ಮೇ ಮನೆಗೆ ಹೋದೆ.

ಅವಳು ಸಂಜೆಗೆಂದು ಮರಸೇಬು ಕೊರೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಚಾಕು ಕೆಳಗಿಡದೆ ಕೇಳಿಸಿಕೊಂಡಳು.

"ಮೆಂಗ್ ನಿಂಗೇನು ಕೊಟ್ಟ?" ಎಂದಳು.

"ಏನು?"

"ಇಷ್ಟು ಚೆನ್ನಾಗಿ ಕಥೆ ಕಟ್ಟೋಕೆ ನಿಂಗೆ ಬರಲ್ಲ. ಅವನೇ ಹೇಳಿಕೊಟ್ಟಿರ್ಬೇಕು."

ನನಗೆ ಮೈಯೆಲ್ಲ ಉರಿಯಿತು. "ಹೋಗಿ ನಿನ್ನ ಗಂಡನ ಕಾಲು ಒತ್ತಿ ನೋಡು! ಊರೋರ ಚರಟವೆಲ್ಲ ಕೆದಕ್ತೀಯ, ನಿನ್ನ ಮನೆಯೋನ ಕಾಲು ನೋಡಿದೀಯಾ ಒಂದು ದಿನ?" ಎಂದು ಕೂಗಿದೆ. ಅವಳಿಗೆ ಹಾಗೆ ಕೂಗಿದ್ದು ಅದೇ ಮೊದಲು.

ಅವಳು ಸ್ನಾನಗೃಹಕ್ಕೆ ಹೋದಳು. ನಾನೂ ಹಿಂದೆ ಹೋದೆ. ಬಾಯ್ಲರ್ ಮುಂದೆ ಕೂತಿದ್ದ ಗಂಡನ ಪ್ಯಾಂಟನ್ನು ಏನೂ ಕೇಳದೆ ಮೇಲೆತ್ತಿ ಹೆಬ್ಬೆರಳಿಂದ ಒತ್ತಿದಳು. ಗುಳಿ ತುಂಬಿಕೊಳ್ಳುವುದನ್ನೇ ಕಾದಳು. ಅದು ತುಂಬಿಕೊಳ್ಳಲಿಲ್ಲ. ಅವರ ಬೂಟು ಬಿಚ್ಚಿ ಚೀಟಿ ತೆಗೆದು ಓದಿದಳು. ಮತ್ತೊಮ್ಮೆ ಓದಿದಳು.

"ಬರೆದೋನು ಸರಿಯಾಗೇ ಬರ್ದಿದಾನೆ," ಎಂದಳು.

ಮಾರನೆಯ ದಿನ ಬೆಳಿಗ್ಗೆ ದೂರು ವಾಪಸ್ ತೆಗೆದುಕೊಳ್ಳಲು ಕಚೇರಿಗೆ ಹೋದೆವು. ಅಲ್ಲಿನ ಕನ್ನಡಕದ ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಹೋದ ವಾರ ವಿಷ ಅಂದ್ರಿ. ಈ ವಾರ ಏನೂ ಇಲ್ಲ ಅಂತೀರಿ. ಅಂಗಡಿಯವನು ಮನೆಗೆ ಬಂದಿದ್ನಾ?"

"ಇಲ್ಲ."

"ಏನಾದ್ರೂ ಕೊಟ್ಟು ಕಳಿಸಿದ್ನಾ?"

ಜಿನ್‌ಮೇ ಮುಖಕ್ಕೆ ಯಾರೋ ಬಾರಿಸಿದಂತಾಯಿತು. ಮೂವತ್ತೊಂದು ವರ್ಷ ಅವಳು ಬೇರೆಯವರಿಗೆ ಕೇಳಿದ್ದ ಪ್ರಶ್ನೆ ಅದು. ಔಷಧಿ ಕುಡಿದವನು ಖುದ್ದಾಗಿ ಬಂದು ಹೇಳಬೇಕು, ಚೀಟಿ ತೋರಿಸಬೇಕು, ಆಗಲೇ ಸೀಲು ತೆಗೆಯುವುದು ಎಂದ ಅಧಿಕಾರಿ. ನಾನು ಹೋಗಿ ಬಾವ್‌ತ್ಯೆನ್ ಅಣ್ಣನನ್ನು ನನ್ನ ಮೂರು ಚಕ್ರದ ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಮೆಟ್ಟಿಲು ಹತ್ತಲು ಎರಡು ಕಡೆ ನಿಂತು ಸುಧಾರಿಸಿಕೊಂಡರು.

ಅಧಿಕಾರಿ ಚೀಟಿ ನೋಡಿ, ತಾರೀಖು ಬರೆದುಕೊಂಡು, ನಾಳೆಯೇ ಸೀಲು ತೆಗೆಸುತ್ತೇನೆ ಎಂದ. ಆಮೇಲೆ ಹೇಳಿಕೆ ಬರೆಯಲು ಕೂತ.

"ಹೆಂಡತಿಯಿಂದ ಯಾಕೆ ಮುಚ್ಚಿಟ್ರಿ?"

ಬಾವ್‌ತ್ಯೆನ್ ಅಣ್ಣ ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತ ಕೂತರು.

"ಐದು ವರ್ಷದಲ್ಲಿ ನಂಗೆ ಅಂತ ಹದಿನಾಲ್ಕು ಪೊಟ್ಟಣ ಕಟ್ಸಿದ್ವಿ ಸ್ವಾಮಿ. ಒಂದರಲ್ಲಿ ಬೇರು ಹಳೇದು ಅಂದ್ಲು. ಒಂದರಲ್ಲಿ ಎಲೆ ಸರಿ ಇಲ್ಲ ಅಂದ್ಲು. ಒಂದ್ಸಲ ವೈದ್ಯರೇ ಸರಿ ಇಲ್ಲ ಅಂದ್ಲು. ಎಲ್ಲಾನೂ ಬಚ್ಚಲಿಗೆ ಸುರಿದ್ಲು. ಒಂದೂ ನನ್ನ ಹೊಟ್ಟೆಗೆ ಹೋಗ್ಲಿಲ್ಲ." ಹೆಂಡತಿಯ ಕಡೆ ನೋಡಿ, "ನನ್ನ ಒಳ್ಳೇದಕ್ಕೇ ಮಾಡಿದ್ಲು," ಎಂದರು.

ಅಧಿಕಾರಿ ಬರೆದುಕೊಂಡ. ಜಿನ್‌ಮೇ ಗೋಡೆ ನೋಡುತ್ತ ನಿಂತಿದ್ದಳು.

"ವತ್ಸನಾಭಿ ಕುಡಿಯೋವಾಗ ಬೇರೆ ಏನಾದ್ರೂ ಮೂಲಿಕೆ ತಗೊಳ್ತಿದ್ರಾ? ಕೆಮ್ಮಿಗೆ ಗಿಮ್ಮಿಗೆ?"

"ಇಲ್ಲ," ಎಂದರು ಬಾವ್‌ತ್ಯೆನ್ ಅಣ್ಣ, ಕೂಡಲೇ. "ಏನೂ ಇಲ್ಲ."

"ತಗೊಳ್ತಿದ್ರು," ಎಂದಳು ಜಿನ್‌ಮೇ. "ಬೇಯ್‌ಮು ಪುಡಿ. ದಿನಾ ಸಂಜೆ."

ಅಧಿಕಾರಿ ಪೆನ್ ನಿಲ್ಲಿಸಿದ. "ವತ್ಸನಾಭಿ ಜೊತೆಗಾ? ಯಾರು ಕೊಟ್ಟಿದ್ದು?"

"ಲೇ, ಸುಮ್ನಿರೇ," ಎಂದರು ಗಂಡ.

"ನಾನು ಕೊಟ್ಟಿದ್ದು. ತಿಂದು ಮುಗಿಸೋ ತನಕ ಎದುರಿಗೇ ಕೂತಿದ್ದೆ. ಬರ್ಕೊಳ್ಳಿ." ಅವಳು ಮೇಜಿನ ಮೇಲಿದ್ದ ತನ್ನ ಹಳೆಯ ದೂರನ್ನು ಹತ್ತಿರಕ್ಕೆಳೆದುಕೊಂಡಳು. "ಇದರಲ್ಲಿ ಹಗೆ ಮೂಲಿಕೆ ಎರಡನ್ನೂ ಒಂದೇ ಹೊಟ್ಟೆಗೆ ಹಾಕಿದೋರು ಅಂತ ಬರ್ದಿದೀನಲ್ಲ, ಅದೇನೂ ಸುಳ್ಳಲ್ಲ. ಹೆಸರೊಂದು ತಪ್ಪಾಗಿದೆ. ಪೆನ್ ಕೊಡಿ."

"ಅಮ್ಮಾ, ಹಾಗೆಲ್ಲ ತಿದ್ದೋಕಾಗಲ್ಲ."

ಅವಳು ಅವನ ಕೈಯಿಂದ ಪೆನ್ ತೆಗೆದುಕೊಂಡಳು. ಮೆಂಗ್ ವೆನ್‌ಶಾನ್ ಎಂದಿದ್ದಲ್ಲೆಲ್ಲ ಗೀಟು ಎಳೆದಳು, ಒಟ್ಟು ಐದು ಕಡೆ. ಪ್ರತಿಯೊಂದರ ಮೇಲೂ ಗೆಂಗ್ ಜಿನ್‌ಮೇ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಬರೆದದ್ದನ್ನು ಮೊದಲಿಂದ ಕೊನೆಯವರೆಗೂ ಓದಿ, ಅಧಿಕಾರಿಯ ಕಡೆ ತಳ್ಳಿದಳು.